ಸಂಜೆಯ ಗುಳಿಗೆ

ಭಾಲ್ಕಿಯ ನಮ್ಮ ಮನೆಗೆ ಇದ್ದದ್ದು ಎರಡೇ ಕೋಣೆ. ಮುಂದಿನದು ರೊಟ್ಟಿಗೆ, ಹಿಂದಿನದು ಮನುಷ್ಯರಿಗೆ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಮುಂದಿನ ಕೋಣೆಯಲ್ಲಿ ಅವ್ವ ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕ ಬುಟ್ಟಿ, ಬುಟ್ಟಿಯೊಳಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದರ ಮೇಲೊಂದು ಬಿಸಿ ರೊಟ್ಟಿ. ಒಯ್ಯಲು ಬಂದವರು ಅಂಗಳದಲ್ಲೇ ನಿಲ್ಲುತ್ತಿದ್ದರು. ಒಲೆ ಹೊತ್ತಿಸುವ ಮೊದಲು ಅವ್ವ ಅದಕ್ಕೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು; ಮೊದಲ ರೊಟ್ಟಿ ಎದುರು ಮನೆಯ ಆಕಳಿಗೆ ಹೋಗುತ್ತಿತ್ತು. ಅಪ್ಪನ ಕೆಲಸ ಹಿಟ್ಟಿನ ಗಿರಣಿಯಲ್ಲಿ. ಸಂಜೆ ಬರುವಾಗ ಅವನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಬಾಗಿಲಲ್ಲಿ ನಿಂತು ಟವೆಲಿನಿಂದ ಜಾಡಿಸಿಕೊಂಡರೆ ಒಂದು ಸಣ್ಣ ಮೋಡ ಎದ್ದು ಇಳಿಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಐದು ಜನ ಮಲಗುತ್ತಿದ್ದೆವು. ಬಾಗಿಲ ಕಡೆ ಅಪ್ಪ, ಆಮೇಲೆ ಅವ್ವ, ಅವಳ ಪಕ್ಕ ಅಪ್ಪನ ತಾಯಿ, ನಮಗೆ ಆಯಿ. ಗೋಡೆಯ ಹತ್ತಿರ ಒಂದೇ ಕೌದಿಯ ಮೇಲೆ ನಾನು ಮತ್ತು ನನ್ನ ತಮ್ಮ ಸಂಗು. ಆ ಕೌದಿಯನ್ನು ಆಯಿ ತನ್ನ ತಾಯಿಯ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದಿದ್ದಳು. ಒದ್ದೆಯಾದರೆ ಇಬ್ಬರು ಹಿಡಿದು ಎತ್ತಬೇಕು, ಅಷ್ಟು ಭಾರ. ಅದನ್ನು ನಾನು ಒಬ್ಬಳೇ ಎತ್ತಲು ಕಲಿತೆ.

ಆಯಿಯ ತವರು ಔರಾದ. ಮಾತಿನಲ್ಲಿ ಅರ್ಧ ಮರಾಠಿ ಇರುತ್ತಿತ್ತು. ಮಾವಿನಕಾಯಿ ಬರುವ ಕಾಲಕ್ಕೆ ಆಯಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಓಣಿಯ ಅರ್ಧ ಮನೆಗಳ ಉಪ್ಪಿನಕಾಯಿ ಅವಳ ಕೈಯಿಂದಲೇ ಆಗಬೇಕು. ಹೋಳು ಹೆಚ್ಚುವುದು, ಖಾರ ಕುಟ್ಟುವುದು, ಎಣ್ಣೆ ಕಾಯಿಸುವುದು ಇದನ್ನೆಲ್ಲ ಬೇರೆಯವರು ಮಾಡಬಹುದು. ಉಪ್ಪು ಮಾತ್ರ ಆಯಿ ಹಾಕಬೇಕು. ಆಗ ಯಾರೂ ಅವಳ ಜೊತೆ ಮಾತಾಡುವಂತಿಲ್ಲ. ಹರಳುಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಸಣ್ಣಗೆ ಮಾಡಿ, ಬೆರಳ ಸಂದಿಯಿಂದ ಬಿಡುತ್ತಿದ್ದಳು. ರುಚಿ ನೋಡುತ್ತಿರಲಿಲ್ಲ. ಎರಡು ವರ್ಷ ಇಟ್ಟರೂ ಅವಳು ಹಾಕಿದ ಕಾಯಿ ಕೆಡುತ್ತಿರಲಿಲ್ಲ. ನಮ್ಮ ಆಯಿ ಯಾರ ಮನೆಗೆ ಹೋದರೂ ಮಣೆ ಹಾಕಿ ಕೂರಿಸುತ್ತಿದ್ದರು. ರೊಟ್ಟಿ ಮಾರುವ ಮನೆಯ ಮುದುಕಿಗೆ ಆ ಮಣೆ ಸಣ್ಣ ಮರ್ಯಾದೆಯಾಗಿರಲಿಲ್ಲ.

ಸಂಗು ಹುಟ್ಟಿದಾಗಿನಿಂದ ಅವನ ತುಟಿ ಉಗುರು ನೀಲಿ. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತು ಉಸಿರು ಹುಡುಕುತ್ತಿದ್ದ. ಹೃದಯದಲ್ಲಿ ತೂತು ಇದೆ, ಪುಪ್ಪುಸಕ್ಕೆ ರಕ್ತ ಹೋಗುವ ದಾರಿಯೂ ಸಣ್ಣದಾಗಿದೆ ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಆರು ತುಂಬಿದ ವರ್ಷ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಎದೆಯ ನಡುವೆ ಮೇಲಿನಿಂದ ಕೆಳಗೆ ಒಂದು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ತುಟಿ ಕೆಂಪಾಗಿತ್ತು. ಅದನ್ನು ನೋಡಲು ಓಣಿಯವರೆಲ್ಲ ಬಂದರು. ಅವ್ವ ಅವನ ಗಲ್ಲ ಹಿಡಿದು ಮುಖ ಎತ್ತಿ ಎಲ್ಲರಿಗೂ ತೋರಿಸಿದಳು. ಆದರೆ ಇಷ್ಟು ವರ್ಷ ಒದ್ದಾಡಿದ ಹೃದಯ ಒಮ್ಮೆಲೇ ಸರಿಯಾಗುವುದಿಲ್ಲ, ಮೈಯಲ್ಲಿ ನೀರು ನಿಲ್ಲಬಹುದು, ನೀರು ಹೋಗುವ ಗುಳಿಗೆ ದಿನಕ್ಕೆ ಎರಡು ಸಲ ತಪ್ಪದೆ ಕೊಡಬೇಕು, ಉಪ್ಪು ಬಹಳ ಕಡಿಮೆ ಮಾಡಬೇಕು ಎಂದು ಅಪ್ಪನಿಗೆ ಹೇಳಿ ಕಳಿಸಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ, ಆಯಿಗೂ ಇಲ್ಲ. ಅಪ್ಪ ಗಿರಣಿಗೆ ಹೋಗಬೇಕು. ನಾನು ಆರನೆಯ ಇಯತ್ತೆಯಲ್ಲಿದ್ದೆ. ಗುಳಿಗೆಯ ಚೀಟಿಯನ್ನು ಅಪ್ಪ ನನ್ನ ಕೈಗೆ ಕೊಟ್ಟ.

“ಕಸ್ತೂರಿ, ಇನ್ನ ಮ್ಯಾಲ ಇವನ ಡಾಕ್ಟರ್ ನೀನೇ ನೋಡು. ಮುಂಜಾನಿ ಒಂದು, ಸಂಜಿಗಿ ಒಂದು. ಮರೀಬ್ಯಾಡ.”

“ಸಾಲಿ?”

“ಸಾಲಿ ಎಲ್ಲಿಗಿ ಓಡಿ ಹೋಗ್ತದ? ತಮ್ಮ ಸುಧಾರಸ್ಲಿ ಮೊದಲ.”

ಶಾಲೆ ಎಲ್ಲಿಗೂ ಓಡಿಹೋಗಲಿಲ್ಲ. ನಾನೇ ತಿರುಗಿ ಹೋಗಲಿಲ್ಲ. ಅದಕ್ಕಾಗಿ ನನಗೆ ಸಂಗುವಿನ ಮೇಲೆ ಸಿಟ್ಟು ಇತ್ತೇ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇತ್ತು. ಆದರೆ ನಾನು ಮಾಡಿದ್ದಕ್ಕೆ ಆ ಸಿಟ್ಟೇ ಕಾರಣ ಎಂದರೆ ಅದು ನನ್ನ ತಪ್ಪಿಗೆ ಸ್ವಲ್ಪ ಮರ್ಯಾದೆ ಕೊಟ್ಟ ಹಾಗೆ. ಕಾರಣ ಅದಕ್ಕಿಂತ ಚಿಕ್ಕದು.

ನಮ್ಮ ಮನೆಯಲ್ಲಿ ಮುಂಜಾನೆ ಎಂದರೆ ಒಲೆ ಹೊತ್ತುವ ಹೊತ್ತು, ಸಂಜೆ ಎಂದರೆ ದೇವರ ಮುಂದೆ ದೀಪ ಹಚ್ಚುವ ಹೊತ್ತು. ಗಡಿಯಾರ ನೋಡಿ ಯಾವುದನ್ನೂ ಮಾಡುವವರಲ್ಲ ನಾವು. ಎರಡನೆಯ ಗುಳಿಗೆಯನ್ನು ಮಧ್ಯಾಹ್ನ ನಾಲ್ಕರೊಳಗೆ ಕೊಡಬೇಕು ಎಂದು ನರ್ಸಮ್ಮ ಅಪ್ಪನಿಗೆ ಹೇಳಿದ್ದಳಂತೆ. ಅಪ್ಪ ಅದನ್ನು ಮನೆಗೆ ತಂದದ್ದು ‘ಸಂಜಿಗಿ’ ಎಂದು. ಹಾಗಾಗಿ ನಾನು ದೀಪ ಹಚ್ಚಿ, ಕೈ ಮುಗಿದು, ಸಂಗುವಿನ ನಾಲಿಗೆಯ ಮೇಲೆ ಗುಳಿಗೆ ಇಡುತ್ತಿದ್ದೆ. ಉಂಡು ಮಲಗಿದ ಹುಡುಗ ಬೆಳಗಾಗುವಷ್ಟರಲ್ಲಿ ಕೌದಿಯನ್ನೆಲ್ಲ ತೋಯಿಸಿರುತ್ತಿದ್ದ. ನನ್ನ ಲಂಗವೂ ತೊಯ್ದಿರುತ್ತಿತ್ತು. ಹಗಲಲ್ಲೇ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಆ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಯ ಬೋರಿಂಗಿಗೆ ಹೋಗುತ್ತಿದ್ದೆ. ಚಳಿಗಾಲ. ಬೆರಳ ಗಂಟುಗಳಲ್ಲಿ ಒಡಕು ಬಿಟ್ಟಿದ್ದವು. ಸೋಪು ತಾಗಿದರೆ ಉರಿಯುತ್ತಿತ್ತು. ನನ್ನ ಜೊತೆ ಕಲಿತ ಹುಡುಗಿಯರು ಶಾಲೆಗೆ ಹೋಗುವ ಮೊದಲು ನೀರಿಗೆ ಬರುತ್ತಿದ್ದರು.

“ಏ ಕಸ್ತೂರಿ, ಇದು ತಮ್ಮಂದೋ, ನಿಂದೋ?”

“ತಮ್ಮಂದು.”

“ನಿನ್ನ ಲಂಗಾ ಯಾಕ ಹಸಿ ಅದ ಮತ್ತ?”

ಅವರು ನಕ್ಕರೆ ಕೊಡಗಳೂ ನಕ್ಕ ಹಾಗೆ ಕೇಳುತ್ತಿತ್ತು. ತೊಳೆದ ಕೌದಿಯನ್ನು ಒಣಗಿಸಲು ಇದ್ದದ್ದು ಅಂಗಳದ ತಂತಿ ಒಂದೇ. ಅದರ ಕೆಳಗೇ ರೊಟ್ಟಿಗೆ ಬಂದವರು ನಿಲ್ಲಬೇಕು. ಮೂಲೆ ಮನೆಯ ಕಮಲಾಬಾಯಿ ಒಂದು ದಿನ ಮೂಗಿಗೆ ಸೆರಗು ಹಿಡಿದು ನಿಂತಳು.

“ಸುಶೀಲವ್ವಾ, ನಿಮ್ಮ ಕೌದಿ ಭಾಳ ಮಡಿವಂತ ಆಗ್ಯಾದ ನೋಡವ್ವಾ. ದಿನಾ ಜಳಕ ಮಾಡ್ತದ.”

“ಕೂಸಿಗಿ ದವಾ ನಡದದರೀ ಬಾಯಿ.”

“ಹೌದವ್ವಾ, ನಾ ಏನಂದೆ? ರೊಟ್ಟಿ ಸ್ವಲ್ಪ ಒಳಗ ಸರಸಿ ಇಡು ಅಂದೆ, ಅಷ್ಟೇ.”

ಆಮೇಲೆ ಅವಳು ಬರಲಿಲ್ಲ. ಅವಳನ್ನು ನೋಡಿ ಇನ್ನಿಬ್ಬರು ಬರಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿತು. ಅವ್ವ ನನ್ನನ್ನು ಬೈದಳು. ಮಲಗುವ ಮೊದಲು ಹುಡುಗನನ್ನು ಎಬ್ಬಿಸಿ ಅಂಗಳಕ್ಕೆ ಒಯ್ಯಬಾರದೇ, ನಿದ್ದೆಗೆ ಬಿದ್ದರೆ ಹೆಣದ ಹಾಗೆ ಬೀಳುತ್ತೀ ಎಂದಳು. ಸಂಗು ಮೂಲೆಯಲ್ಲಿ ಕೂತು ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದ, ಅಲ್ಲೇ ತಡೆದು ನಿಲ್ಲಿಸುತ್ತೇನೆ ಎನ್ನುವವನ ಹಾಗೆ.

ಅವತ್ತು ಸಂಜೆ ದೀಪ ಹಚ್ಚಿ ಕೈ ಮುಗಿದೆವು. ಗುಳಿಗೆ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡೆ. ಬೆಳ್ಳಗೆ, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಅವ್ವ ಹಿಂದಿನ ಕೋಣೆಯಲ್ಲಿದ್ದಳು. ಸಂಗು ನಾಲಿಗೆ ಚಾಚಿ ಕಾಯುತ್ತಿದ್ದ. ನಾನು ಗುಳಿಗೆಯನ್ನು ಒಲೆಗೆ ಹಾಕಿದೆ. ಕೆಂಡದ ಮೇಲೆ ಅದು ಸದ್ದು ಕೂಡ ಮಾಡಲಿಲ್ಲ.

“ಅಕ್ಕಾ, ಗುಳಿಗಿ?”

“ಇವತ್ತ ಸೂಟಿ. ಡಾಕ್ಟರ್ ನಾನೇ ಅಲ್ಲೇನು? ಯಾರ ಮುಂದೂ ಹೇಳಬ್ಯಾಡ.”

ಅವನಿಗೆ ಖುಷಿಯಾಯಿತು. ಗುಳಿಗೆ ಕಹಿ ಇತ್ತು.

ಮರುದಿನ ಬೆಳಿಗ್ಗೆ ಕೌದಿ ಒಣಗಿತ್ತು. ಅವ್ವ ಅದರ ಮೇಲೆ ಅಂಗೈ ಆಡಿಸಿ ನೋಡಿದಳು, ಮತ್ತೊಮ್ಮೆ ಆಡಿಸಿ ನೋಡಿದಳು. ಆಮೇಲೆ ನನ್ನ ತಲೆಯ ಎರಡೂ ಕಡೆ ಕೈ ಸವರಿ ದೃಷ್ಟಿ ತೆಗೆದು ಲಟಿಕೆ ಮುರಿದಳು. ಸುಧಾರಿಸಲಿಕ್ಕೆ ಹತ್ತಿತು ನೋಡ್ರಿ ಹುಡುಗ, ನನ್ನ ಕಸ್ತೂರಿ ಕೈಗುಣ ಎಂದು ಅಪ್ಪನಿಗೆ ಕೂಗಿ ಹೇಳಿದಳು. ಅವಳು ನನ್ನನ್ನು ಹಾಗೆ ಹೊಗಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಒಂದು ದಿನ ಬಿಡುವು ತೆಗೆದುಕೊಳ್ಳಬೇಕು ಎಂದಷ್ಟೇ ನಾನು ಮಾಡಿದ್ದೆ. ಎರಡನೆಯ ದಿನ ಗುಳಿಗೆ ಒಲೆಗೆ ಹಾಕಿದ್ದು ಆ ಹೊಗಳಿಕೆಗೆ. ಮೂರನೆಯ ದಿನ, ನಾಲ್ಕನೆಯ ದಿನ, ಆಮೇಲೆ ಅದು ದೀಪ ಹಚ್ಚಿದ ಹಾಗೆ ಒಂದು ಪದ್ಧತಿಯೇ ಆಯಿತು. ಕಮಲಾಬಾಯಿ ತಿರುಗಿ ಬಂದಳು. ಬೆಳಗಿನ ಗುಳಿಗೆಯನ್ನು ತಪ್ಪದೆ ಕೊಡುತ್ತಿದ್ದೆ, ಹಾಗಾಗಿ ಏನೂ ಆಗುವುದಿಲ್ಲ ಎಂದುಕೊಂಡೆ. ಹತ್ತು ದಿನದ ಹೊತ್ತಿಗೆ ಸಂಗುವಿನ ಮುಖ ತುಂಬಿಕೊಂಡಿತು. ಹುಡುಗ ಮೈಹಿಡಿದ ಎಂದು ಅಪ್ಪ ಅವನ ಗಲ್ಲ ಹಿಂಡಿದ. ಅದು ನೀರು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬೆಳಿಗ್ಗೆ ಅವನ ಕಾಲ್ಚೀಲ ತೆಗೆದಾಗ ಪಾದದ ಮೇಲೆ ಅದರ ಗೆರೆ ಉಳಿಯುತ್ತಿತ್ತು, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ನಾನು ಅದನ್ನು ನೋಡಿದ್ದೆ. ಒತ್ತಿ ನೋಡಿದ್ದೆ.

ಅಷ್ಟರಲ್ಲಿ ಔರಾದಿಗೆ ಹೋಗುವುದು ಬಂತು. ಕಾಯಿಲೆಯಿಂದ ಸಂಗುವಿನ ಜವಳ ಉಳಿದುಹೋಗಿತ್ತು. ಆಪರೇಷನ್ ಪಾರಾದರೆ ತವರಿನ ದೇವರ ಮುಂದೆ ಅವನ ಕೂದಲು ಕೊಡುತ್ತೇನೆ ಎಂದು ಆಯಿ ಹರಕೆ ಹೊತ್ತಿದ್ದಳು. ಎಲ್ಲರೂ ಬಸ್ಸಿನಲ್ಲಿ ಹೊರಟೆವು. ದಾರಿಯಲ್ಲಿ ಹುಡುಗನಿಗಾಗಿ ಬಸ್ಸು ನಿಲ್ಲಿಸಬೇಕಾದೀತು, ಕಂಡಕ್ಟರ್ ನಾಲ್ಕು ಜನರ ಮುಂದೆ ಒದರಿಯಾನು ಎಂದು ನಾನು ಬೆಳಗಿನ ಗುಳಿಗೆಯನ್ನೂ ಕೊಡಲಿಲ್ಲ. ಬಸ್ಸು ಔರಾದಿನಲ್ಲಿ ನಿಂತಾಗ ಸಂಗು ಎದೆ ಉಬ್ಬಿಸಿ ನನ್ನ ಕಿವಿಯಲ್ಲಿ ಹೇಳಿದ, “ಅಕ್ಕಾ, ಒಮ್ಮಿನೂ ನಿಲ್ಲಸಲಿಲ್ಲ ನೋಡು!” ಮೆಟ್ಟಿಲು ಇಳಿಯುವಷ್ಟಕ್ಕೇ ಅವನಿಗೆ ಏದುಸಿರು ಬಂದಿತ್ತು.

ಜವಳ ಆಯಿತು. ಬೋಳು ತಲೆಗೆ ಗಂಧ ಹಚ್ಚಿಸಿಕೊಂಡು ಸಂಗು ಊಟದ ಪಂಕ್ತಿಯಲ್ಲಿ ಆಯಿಯ ತೊಡೆಗೆ ಒರಗಿ ಕೂತ. ಎಲ್ಲರ ತಾಟಿನಲ್ಲಿ ಹೋಳಿಗೆ, ಹಪ್ಪಳ, ಆಯಿಯೇ ಹಿಂದಿನ ವರ್ಷ ತವರಿಗೆ ಹಾಕಿಕೊಟ್ಟಿದ್ದ ಮಾವಿನ ಉಪ್ಪಿನಕಾಯಿ. ಅವನ ತಾಟಿನಲ್ಲಿ ಸಪ್ಪೆ ಬೇಳೆ, ಅನ್ನ.

“ಆಯಿ, ಒಂದು ಹೋಳು.”

“ಬ್ಯಾಡ ನನ್ನ ರಾಜಾ, ಉಪ್ಪು ನಿಂಗ ಆಗಂಗಿಲ್ಲ.”

“ಬರೇ ನೆಕ್ತೀನಿ. ತಿನ್ನಂಗಿಲ್ಲ.”

ಎರಡು ತಿಂಗಳು ಸಪ್ಪೆ ಉಂಡ ಹುಡುಗ. ಆಯಿ ಒಂದು ಹೋಳನ್ನು ತೆಗೆದು ಲೋಟದ ನೀರಿನಲ್ಲಿ ಅದ್ದಿದಳು, ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಮತ್ತೆ ಅದ್ದಿದಳು, ಸೆರಗಿನಿಂದ ಒರೆಸಿದಳು, ಉಗುರಿನಷ್ಟು ಹರಿದು ಅವನ ಬಾಯಿಗೆ ಇಟ್ಟಳು. ಅವನು ಕಣ್ಣು ಮುಚ್ಚಿ ಚೀಪಿದ. ಅದನ್ನು ಪಂಕ್ತಿಯಲ್ಲಿದ್ದವರೆಲ್ಲ ನೋಡಿದರು. ನಾನು ಒಲೆಗೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನಿಗೆ ಮಲಗಲು ಆಗಲಿಲ್ಲ. ಮಲಗಿಸಿದರೆ ಮುಳುಗುವವರ ಹಾಗೆ ಎದ್ದು ಕೂರುತ್ತಿದ್ದ. ಕಣ್ಣು ಊದಿ ಗೆರೆಯಷ್ಟಾಗಿದ್ದವು. ಬಾಡಿಗೆ ಜೀಪಿನಲ್ಲಿ ನೇರ ಬೀದರಿಗೆ ಒಯ್ದರು. ದವಾಖಾನೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು, ಬೆನ್ನಿನಿಂದ ಸೂಜಿ ಹಾಕಿ ನೀರು ತೆಗೆದರು. ಎದೆಯೊಳಗೆ ನೀರು ತುಂಬಿದೆ, ನ್ಯುಮೋನಿಯಾ ಕೂಡ ಹಿಡಿದಿದೆ ಎಂದರು. ಕನ್ನಡಕ ಹಾಕಿದ ಡಾಕ್ಟರು ಚೀಟಿ ಹಿಡಿದುಕೊಂಡು ನಮ್ಮ ಕಡೆ ತಿರುಗಿದರು. ಗುಳಿಗೆ ಕೊಡುವವರು ಯಾರು ಎಂದು ಕೇಳಿದರು. ಅಪ್ಪ ನನ್ನನ್ನು ಮುಂದೆ ನೂಕಿದ. ಅವನ ದನಿಯಲ್ಲಿ ಹೆಮ್ಮೆ ಇತ್ತು.

“ಇಕಿ ನನ್ನ ಮಗಳರೀ ಸಾಹೇಬ್ರ. ಓದ್ಲಿಕ್ಕಿ ಬರ್ತದ. ಒಂದು ದಿವಸ ತಪ್ಪಿಸಿಲ್ಲ.”

ಡಾಕ್ಟರು ನನ್ನ ಎತ್ತರಕ್ಕೆ ಬಗ್ಗಿದರು. ಸಿಟ್ಟಿನಿಂದಲ್ಲ.

“ಖರೇನ ಏನವ್ವಾ? ಎರಡೂ ಹೊತ್ತು ಕೊಟ್ಟೀದಿ?”

ಕೋಣೆಯಲ್ಲಿ ಫಿನಾಯಿಲ್ ವಾಸನೆ ಇತ್ತು. ಅವ್ವ ಸಂಗುವಿನ ಬೆನ್ನು ಹಿಡಿದು ಕೂತಿದ್ದಳು. ಅವನು ನನ್ನನ್ನೇ ನೋಡುತ್ತಿದ್ದ. ಆದರೆ ಅವನಿಗೆ ಮಾತಾಡಲು ಉಸಿರೇ ಇರಲಿಲ್ಲ.

“ಹೌದ್ರಿ,” ಎಂದೆ. “ಎರಡೂ ಹೊತ್ತು ಕೊಟ್ಟೀನ್ರಿ.”

ಅವರು ಅದನ್ನು ಬರೆದುಕೊಂಡರು. ಆಮೇಲೆ ಉಪ್ಪಿನ ಬಗ್ಗೆ ಕೇಳಿದರು. ಯಾರೂ ಹೇಳುವ ಮೊದಲೇ ಆಯಿ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈ ಜೋಡಿಸಿ, ಪೊಲೀಸರ ಮುಂದೆ ನಿಂತವಳ ಹಾಗೆ ಹೇಳಿದಳು:

“ನಾ ಕೊಟ್ಟೀನ್ರಿ ಸಾಹೇಬ್ರ. ಉಪ್ಪಿನಕಾಯಿ. ಎರಡು ಸಲ ತೊಳದು ಕೊಟ್ಟೀನ್ರಿ, ಆದ್ರ ಕೊಟ್ಟೀನಿ.”

ಅಷ್ಟರಿಂದ ಇಷ್ಟು ಆಗುವುದಿಲ್ಲಮ್ಮ ಎಂದು ಡಾಕ್ಟರು ಹೇಳಿದರು. ನನಗೆ ಚೆನ್ನಾಗಿ ನೆನಪಿದೆ, ಹೇಳಿದರು. ಆದರೆ ಅಪ್ಪ ಅಷ್ಟರಲ್ಲಿ ತನ್ನ ತಾಯಿಯ ಮೇಲೆ ಕೂಗಾಡತೊಡಗಿದ್ದ. ಊರ ಮಂದಿಗೆಲ್ಲ ಉಪ್ಪು ಅಳೆದು ಕೊಡುವವಳಿಗೆ ಸ್ವಂತ ಮೊಮ್ಮಗನ ಬಾಯಿ ತಿಳಿಯಲಿಲ್ಲವೇ, ಕೊಂದುಬಿಟ್ಟೆಯಲ್ಲ ಎಂದ. ಆಯಿ ಜೋಡಿಸಿದ ಕೈ ಇಳಿಸಲಿಲ್ಲ. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಆಗ ಬಾಯಿ ತೆರೆದಿದ್ದರೆ ನಾಲ್ಕು ಏಟು ಬೀಳುತ್ತಿದ್ದವು. ಹೆಚ್ಚೆಂದರೆ ಎಷ್ಟು ಏಟು? ನಾನು ಹನ್ನೆರಡು ವರ್ಷದವಳು, ಅಪ್ಪ ಹೊಡೆಯುವವನೂ ಅಲ್ಲ. ಆದರೂ ತೆರೆಯಲಿಲ್ಲ.

ಎರಡು ಹೊತ್ತು ಗುಳಿಗೆ ನುಂಗಿದರೂ ನಿಲ್ಲದ ನೀರು ಎಂದರೆ ಅದಕ್ಕೆ ಗುಳಿಗೆ ಸಾಲುವುದಿಲ್ಲ ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ. ಅವರೂ ಹಾಕಿದರು. ಹೈದರಾಬಾದಿಗೆ ಕಳಿಸಿದರು. ಅಲ್ಲಿಯೂ ನನ್ನ ಮಾತೇ ಕಾಗದದಲ್ಲಿ ಮುಂದೆ ಹೋಯಿತು. ನೀರಿಗೆ ಜೋರು ಇಂಜೆಕ್ಷನ್, ದಿನಕ್ಕೆ ಹಲವು ಸಲ. ನ್ಯುಮೋನಿಯಾಕ್ಕೆ ಬೇರೆ ಇಂಜೆಕ್ಷನ್. ಇಪ್ಪತ್ತು ದಿನ. ಹುಡುಗ ಬದುಕಿದ.

ಮನೆಗೆ ಬಂದ ಮೂರನೆಯ ಬೆಳಿಗ್ಗೆ ಅವ್ವ ಎಂದಿನ ಹಾಗೆ ರೊಟ್ಟಿ ಬಡಿಯತೊಡಗಿದಳು. ಆ ಸದ್ದಿಗೆ ನಮ್ಮ ಮನೆಯಲ್ಲಿ ಯಾರೂ ಮಲಗಿದ್ದವರಲ್ಲ. ಸಂಗುವಂತೂ ಮೊದಲ ರೊಟ್ಟಿಗೇ ಎದ್ದು ಬಂದು ಒಲೆಯ ಹತ್ತಿರ ಮುದುಡಿ ಕೂರುತ್ತಿದ್ದ. ಅವತ್ತು ಬುಟ್ಟಿ ಅರ್ಧ ತುಂಬಿದರೂ ಅವನು ಏಳಲಿಲ್ಲ. ದಣಿದಾನ, ಮಲಗಲಿ ಎಂದಳು ಅವ್ವ. ನಾನು ಹಿಂದಿನ ಕೋಣೆಗೆ ಹೋದೆ. ಅವನು ಎಚ್ಚರವಾಗಿಯೇ ಇದ್ದ. ನನಗೆ ಬೆನ್ನು ಮಾಡಿ ಗೋಡೆಯ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ. ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ. ತಾಟು ತೆಗೆದು ನೆಲಕ್ಕೆ ಎತ್ತಿ ಹಾಕಿದೆ. ಮುಂದಿನ ಕೋಣೆಯಿಂದ ಅವ್ವ ಬೈದಳು. ಸಂಗು ಗೋಡೆ ಗೀಚುತ್ತಲೇ ಇದ್ದ.

ಅಂಥ ಇಂಜೆಕ್ಷನ್‌ಗಳಿಂದ ಕೆಲವು ಮಕ್ಕಳ ಕಿವಿ ಹೋಗುವುದುಂಟು, ಜೀವ ಉಳಿಸಲು ಕೊಡದೆ ಬೇರೆ ದಾರಿ ಇರಲಿಲ್ಲ ಎಂದು ಆಮೇಲೆ ತಿಳಿಸಿದರು. ಅದರಿಂದಲೇ ಹೋಯಿತು ಎಂದು ಯಾರೂ ಗಟ್ಟಿಯಾಗಿ ಹೇಳಿಲ್ಲ. ಈ ಅನುಮಾನದ ಎಳೆಯನ್ನು ನಾನು ಎಷ್ಟೋ ವರ್ಷ ಹಿಡಿದು ಜೋತುಬಿದ್ದಿದ್ದೆ.

ಮನೆಯಲ್ಲಿ ಮಾತ್ರ ಅನುಮಾನ ಇರಲಿಲ್ಲ. ಉಪ್ಪಿನಕಾಯಿ ಹುಡುಗನ ಕಿವಿ ತಿಂದಿತು. ಯಾರೂ ಅದನ್ನು ಆಯಿಯ ಎದುರು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ವರ್ಷ ಮಾವಿನಕಾಯಿ ಬಂದಾಗ ಕರೆಯಲು ಬಂದವರಿಗೆ ಆಯಿ ಕೈ ಸರಿ ಇಲ್ಲ ಎಂದು ಹೇಳಿ ಕಳಿಸಿದಳು. ಮುಂದಿನ ವರ್ಷ ಯಾರೂ ಕರೆಯಲು ಬರಲಿಲ್ಲ. ಅವಳು ಉಪ್ಪು ಬಿಟ್ಟಳು. ಮೊದಲು ಸಂಗುವಿನ ಜೊತೆಗೆ ಎಂದು ಬಿಟ್ಟಳು.

“ಕೂಸು ಸಪ್ಪಂದು ತಿಂತದ. ನಾ ತಿಂದ್ರ ಸಾಯ್ತೀನೇನು?”

ಸಂಗುವಿಗೆ ಉಪ್ಪು ಆಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೂ ಅವಳು ತಿರುಗಿ ತಿನ್ನಲಿಲ್ಲ. ಅಪ್ಪ ಕಾಲು ಹಿಡಿದ. ಸಾಕು ಮಾಡವ್ವಾ, ಸಿಟ್ಟಿನಾಗ ಅಂದೀನಿ ಎಂದು ಅತ್ತ. ಅವಳು ಅವನ ತಲೆಯ ಮೇಲಿನ ಹಿಟ್ಟು ಜಾಡಿಸಿದಳೇ ಹೊರತು ಒಪ್ಪಲಿಲ್ಲ. ಆಗ ಅಡುಗೆ ನನ್ನ ಕೈಗೆ ಬಂದಿತ್ತು. ದಿನಾ ಬೇಳೆ ಬೆಂದ ಮೇಲೆ, ಪುಂಡಿ ಪಲ್ಯ ಕುದಿದ ಮೇಲೆ, ಉಪ್ಪು ಹಾಕುವ ಮೊದಲು ಆಯಿಯ ಪಾಲನ್ನು ನಾನು ಬೇರೆ ಬಟ್ಟಲಿಗೆ ತೆಗೆದಿಡಬೇಕು. ದಿನಕ್ಕೆ ಎರಡು ಸಲ, ಒಂಬತ್ತು ವರ್ಷ. ಒಂದು ದಿನವೂ ಮರೆಯಲಿಲ್ಲ. ನನ್ನ ತಮ್ಮನ ಗುಳಿಗೆಯ ವಿಷಯದಲ್ಲಿ ಅಪ್ಪ ನನ್ನ ಬಗ್ಗೆ ಹೇಳಿದ ಮಾತು ಈ ಒಂದು ಕೆಲಸದಲ್ಲಿ ನಿಜವಾಯಿತು.

ಒಮ್ಮೆ ಹೇಳಲು ಹೋದೆ. ಮಧ್ಯಾಹ್ನದ ಬಿಸಿಲಿಗೆ ಆಯಿ ಅಂಗಳದಲ್ಲಿ ಕೂತಿದ್ದಳು. ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಿಂದೆ ಕೂತಿದ್ದರಿಂದ ಅವಳ ಮುಖ ಕಾಣುತ್ತಿರಲಿಲ್ಲ, ಧೈರ್ಯ ಬಂತು.

“ಆಯಿ, ಅದು ಉಪ್ಪಿಂದ ಆಗಿಲ್ಲ.”

“ಡಾಕ್ಟರೂ ಹಂಗೇ ಅಂದಿದ್ರು. ನನ್ನ ಸಮಾಧಾನಕ್ಕ ಅಂದ್ರು. ನೀನೂ ಅನ್ನು.”

“ಸಮಾಧಾನಕ್ಕ ಅಲ್ಲ, ಆಯಿ.”

“ತಿಳೀತದ ನಂಗ. ನೀ ಒಬ್ಬಾಕಿನೇ ನನ್ನ ಸಲುವಾಗಿ ಹಿಂಗ ಮರಗ್ತಿ. ಭಾಳ ಛಲೋ ಪೋರಿ ನೀ.”

ಎಣ್ಣೆಯ ಕೈಯನ್ನು ಹಾಗೇ ಅವಳ ತಲೆಯ ಮೇಲೆ ಇಟ್ಟುಕೊಂಡು ಕೂತೆ. ಮುಂದಿನ ಮಾತು ನಾಲಿಗೆಗೆ ಬಂದಿತ್ತು. ಅದನ್ನು ನುಂಗಿದೆ, ಒಳ್ಳೆಯ ಹುಡುಗಿ ಎನಿಸಿಕೊಂಡು ಜಡೆ ಹಾಕಿದೆ. ಆಯಿ ಮರುವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ಕೊನೆಗೆ ಬಾಯಿಗೆ ನೀರು ಬಿಟ್ಟವಳೂ ನಾನೇ.

ನಾನು ಹೀಗೆ ಬರೆಯಲು ಕಲಿತದ್ದು ಶಾಲೆಯಲ್ಲಿ ಅಲ್ಲ. ಕಿವಿ ಹೋದ ಹುಡುಗನಿಗೆ ಏನಾದರೂ ಹೇಳಬೇಕಾದರೆ ಪಾಟಿಯ ಮೇಲೆ ಬರೆಯಬೇಕಿತ್ತು. ಅವನಿಗೆ ಅಕ್ಷರ ಕಲಿಸುತ್ತ ನಾನು ಉಳಿದದ್ದನ್ನು ಕಲಿತೆ. ಹಾಲು ಬಂತು, ಅಪ್ಪ ಕರೀತಾನ, ಮಳೆ ಬರ್ತದ, ಕೊಡೆ ತಗೋ. ಬರಬರುತ್ತ ಅವನು ಪಾಟಿ ನೋಡುವುದನ್ನು ಬಿಟ್ಟು ನನ್ನ ತುಟಿ ನೋಡತೊಡಗಿದ. ಬೇರೆಯವರ ಮಾತು ಅವನಿಗೆ ಅರ್ಧಂಬರ್ಧ, ನನ್ನದು ಪೂರ್ತಿ. ನಾನು ಬಾಯೊಳಗೇ ಗೊಣಗಿದ್ದನ್ನೂ ಹಿಡಿಯುತ್ತಿದ್ದ. ಈಗ ಬೀದರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮೋಟಾರಿನ ಮೇಲೆ ಅಂಗೈ ಇಟ್ಟು ಅದರ ರೋಗ ಹೇಳುತ್ತಾನೆ. ತನ್ನ ದನಿ ತನಗೆ ಕೇಳದ್ದರಿಂದ ಜೋರಾಗಿ ಮಾತಾಡುತ್ತಾನೆ, ಜೋರಾಗಿ ನಗುತ್ತಾನೆ. ನಾನು ಮದುವೆಯಾಗಿ ಹಲಬರ್ಗಾಕ್ಕೆ ಬಂದೆ. ಅವನನ್ನು ಡಾಕ್ಟರಿಗೆ ತೋರಿಸಲು ಮಾತ್ರ ಪ್ರತಿ ಸಲ ನಾನೇ ಹೋಗುತ್ತೇನೆ. ಅಕ್ಕ ಇಲ್ಲದೆ ಅವನು ಹೋಗುವುದಿಲ್ಲ.

ಹೋದ ತಿಂಗಳು ಹೋದಾಗ ಹೊಸ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಸಾವಧಾನದ ಮಾತು. ಸಂಗುವಿನ ಹೃದಯದ ಒಂದು ಕವಾಟ ಸೋರುತ್ತಿದೆ, ಇನ್ನೊಂದು ಆಪರೇಷನ್ ಬೇಕಾಗಬಹುದು, ಸಣ್ಣಂದಿನಲ್ಲಿ ಈ ಆಪರೇಷನ್ ಆದವರಿಗೆ ದೊಡ್ಡವರಾದ ಮೇಲೆ ಹೀಗಾಗುವುದುಂಟು ಎಂದರು. ಹಳೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದರು. ಒಂದು ಕಾಗದದ ಮೇಲೆ ಅವರ ಪೆನ್ನು ನಿಂತಿತು.

“ಇಲ್ಲಿ ಒಂದು ಬರದಾರ ನೋಡ್ರಿ. ಗುಳಿಗಿ ಎರಡೂ ಹೊತ್ತು ಕೊಟ್ರೂ ಎದಿಯಾಗ ನೀರು ತುಂಬ್ತು ಅಂತ. ಹಂಗಿದ್ರ ಆಗಿಂದಲೇ ಹೃದಯದ ಬಲಗಡಿ ಭಾಗ ಭಾಳ ಸೋತದ ಅಂತ ಹಿಡೀಬೇಕಾಗ್ತದ. ಆಪರೇಷನ್ ತಡಕೊಳ್ತದೋ ಇಲ್ಲೋ ಅಂತ ನಾವು ವಿಚಾರ ಮಾಡೋದಕ್ಕ ಇದೂ ಬೇಕು. ಆಗ ಗುಳಿಗಿ ಕೊಡ್ತಿದ್ದವರು ಯಾರು, ನೆನಪದೇನ್ರಿ?”

ಸಂಗು ಯಾವಾಗಲೂ ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಡಾಕ್ಟರು ಹೇಳಿದ್ದನ್ನು ನಾನು ತುಟಿಯಲ್ಲಿ ಅವನಿಗೆ ದಾಟಿಸಬೇಕು. ಈಗಲೂ ಕಾಯುತ್ತಿದ್ದ, ಏನಂತ ಎಂದು ಹುಬ್ಬು ಎತ್ತಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಡಾಕ್ಟರಮ್ಮನಿಗೆ ಮಾತ್ರ ಹೇಳಬಹುದಿತ್ತು. ಅವನನ್ನು ಹೊರಗೆ ಕೂರಿಸಬಹುದಿತ್ತು. ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಸೆರಗು ಮುಖದವರೆಗೂ ಬಂತು. ಆ ಕೈಯನ್ನು ತೊಡೆಯ ಮೇಲೆ ಇಳಿಸಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡೆ.

“ನಾನರೀ,” ಎಂದೆ. “ಸಂಜಿದು ಕೊಟ್ಟಿಲ್ರಿ. ಹಾಸಿಗಿ ಹಸಿ ಆಗ್ತದ ಅಂತ ಒಲಿಗಿ ಹಾಕೀನಿ. ಹತ್ತು ಹನ್ನೆರಡು ದಿವಸ. ಕಡೀ ದಿವಸ ಮುಂಜಾನಿದೂ ಕೊಟ್ಟಿಲ್ಲ. ಅವತ್ತ ಡಾಕ್ಟರ ಮುಂದ ಸುಳ್ಳು ಹೇಳೀನ್ರಿ.”

ಡಾಕ್ಟರಮ್ಮ ಪೆನ್ನು ಎತ್ತಿದರು. ಒಳ್ಳೆಯದೇ ಆಯಿತು ಹೇಳಿದ್ದು, ಹಾಗಿದ್ದರೆ ಲೆಕ್ಕ ಬೇರೆ ಎಂದು ಕಾಗದದ ಮೇಲೆ ಒಂದು ಗೆರೆ ಎಳೆದು ಬದಿಗೆ ಬರೆಯತೊಡಗಿದರು. ಸಂಗುವಿನ ಮುಖದಲ್ಲಿ ಸಿಟ್ಟು ಹುಡುಕಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ, ಇನ್ನೂ ಏನೋ ಬರುವುದಿದೆ ಎನ್ನುವ ಹಾಗೆ. ಆಮೇಲೆ ಕೇಳಿದ. ಅವನ ದನಿಗೆ ಹೊರಗೆ ಬೆಂಚಿನ ಮೇಲಿದ್ದವರೂ ತಿರುಗಿ ನೋಡಿದರು.

“ಆಯಿಗಿ ಗೊತ್ತಿತ್ತೇನು?”

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

“ಹೇಳಲೇ ಇಲ್ಲ?”

“ಇಲ್ಲ.”

ಅವನು ಕಣ್ಣು ಮುಚ್ಚಿಕೊಂಡ. ನಾನು ಕೈ ಜೋಡಿಸಿದೆ, ಹೆಸರು ಹಿಡಿದು ಕರೆದೆ, ನಾನು ಸಣ್ಣಾಕಿ ಇದ್ದೆ ಎಂದೆ, ತಪ್ಪಾಯಿತು ಎಂದೆ. ಡಾಕ್ಟರಮ್ಮನಿಗೆ ಅದೆಲ್ಲ ಕೇಳಿಸಿತು. ಅವನ ರೆಪ್ಪೆ ಬಿಗಿದೇ ಇದ್ದವು. ಮುಟ್ಟಿ ಎಬ್ಬಿಸಬಹುದಿತ್ತು; ಮುಟ್ಟಲು ಕೈ ಏಳಲಿಲ್ಲ. ಮಾತು ನಿಲ್ಲಿಸಿ ಅವನ ಎದುರು ಕೂತೆ, ಅವನು ತಾನಾಗಿ ತೆರೆಯುವವರೆಗೆ.